ದೊರೆಗೆ ಇಲ್ಲ ಎನ್ನಲು ಕಲಿತ ಇಂಗ್ಲಿಷು

ಆಲ್ದೂರಿನ ನಮ್ಮ ಮನೆಗೆ ಈಗೀಗ ಎಸ್ಟೇಟ್ ಕೆಲಸಕ್ಕೆ ಸೇರಲು ಹೊರಟ ಹುಡುಗರು ಬಂದು ಕೂರುತ್ತಾರೆ. ನನ್ನಾಕೆ ಕೊಟ್ಟ ಬೆಲ್ಲದ ಕಾಫಿ ಕುಡಿದು, ಸ್ವಲ್ಪ ಹೊತ್ತು ಮಳೆ ಬೆಳೆಯ ಮಾತಾಡಿ, ಕೊನೆಗೆ ಎಲ್ಲರೂ ಕೇಳುವುದು ಒಂದೇ: “ದೊರೆಗಳ ಹತ್ರ ಅಷ್ಟು ಸಲೀಸಾಗಿ ಇಂಗ್ಲಿಷ್ ಮಾತಾಡೋಕೆ ಹೇಗೆ ಕಲಿತ್ರಿ?” ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ಹೇಳಿ ಮುಗಿಯುವ ಉತ್ತರ ಅದಲ್ಲ. ಆದ್ದರಿಂದ ಬರೆದೇ ಇಡೋಣ ಎಂದು ಕೂತಿದ್ದೇನೆ.

ನಾನು ತೋಟದ ಲೆಕ್ಕ ಬರೆಯುವ ಚಿಕ್ಕ ರೈಟರ್ ಆಗಿ ಸೇರಿದವನು ಮುಂದೆ ಹೇಗೆ ಮೇಲೆ ಬಂದೆ ಎಂಬುದರಲ್ಲಿ ನಿಮಗೆ ಉಪಯೋಗವಾಗುವಂಥದ್ದು ಏನೂ ಇಲ್ಲ. ಉಪಯೋಗವಾಗುವುದು ಆಫೀಸಿನಲ್ಲಿ ನನಗಿಂತ ಹಿರಿಯರಾಗಿದ್ದ ಗುರುಲಿಂಗಪ್ಪನವರು ಇಂಗ್ಲಿಷ್ ಪಾಠ ಹೇಳಿಕೊಟ್ಟ ರೀತಿ. ಒಂದು ವರ್ಷ ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮ ತೋಟದ ನಿಂಗಯ್ಯ ಮೇಸ್ತ್ರಿಯ ಕೆಲಸವೂ ಮನೆಯೂ ಒಟ್ಟಿಗೇ ಹೋಗುವುದರಲ್ಲಿತ್ತು. ಅವನನ್ನು ಉಳಿಸಿದ್ದರಲ್ಲಿ ಆ ಪಾಠಕ್ಕೂ ಒಂದು ಪಾಲಿದೆ. ಅದನ್ನು ಹೇಳಬೇಕಾದರೆ ಮೊದಲಿಂದ ಹೇಳಬೇಕು.

ನಮ್ಮದು ವಸ್ತಾರೆ. ಅಪ್ಪನದು ಸಣ್ಣ ದಿನಸಿ ಅಂಗಡಿ. ನಾನು ಲೋವರ್ ಸೆಕೆಂಡರಿ ಪಾಸು ಮಾಡಿ, ಕೈಬರಹ ಚೆನ್ನಾಗಿದೆ ಎಂಬ ಒಂದೇ ಬಲದ ಮೇಲೆ, ಮೂಡಿಗೆರೆಯಿಂದ ದೇವರಮನೆ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ದೊರೆಗಳ ತೋಟಕ್ಕೆ ಸೇರಿದೆ. ಇಂಗ್ಲಿಷಿನಲ್ಲಿ ನನಗೆ ಭಯವಿರಲಿಲ್ಲ. ಹಸುವಿನ ಮೇಲೆ, ರೈಲಿನ ಮೇಲೆ, ಪ್ರಾಮಾಣಿಕತೆಯ ಮೇಲೆ ಪ್ರಬಂಧ ಬರೆದು ಮೇಷ್ಟ್ರ ಹತ್ತಿರ ಭೇಷ್ ಅನ್ನಿಸಿಕೊಂಡವನು.

ಹಳೆಯ ದೊರೆಯ ಕಾಲದಲ್ಲಿ ವರದಿಯೆಲ್ಲ ಚೀಟಿಯಲ್ಲೇ ಹೋಗುತ್ತಿತ್ತಂತೆ. ರೈಟರ್ ಬರೆದು ಮೇಜಿನ ಮೇಲಿಡುವುದು, ದೊರೆ ಓದಿ ಒಂದು ಗೀಟು ಎಳೆಯುವುದು, ಅಷ್ಟೆ. ನಾನು ಸೇರಿದ ವರ್ಷ ಹೊಸ ದೊರೆ ಬಂದಿದ್ದರು. ಅವರಿಗೆ ಕಾಗದ ಕಂಡರಾಗದು. ಬೆಳಿಗ್ಗೆ ಹಾಜರಿ ಮುಗಿದ ಮೇಲೆ ತೋಟ ಸುತ್ತುತ್ತ, ಪೈಪು ಕಚ್ಚಿದ ಹಲ್ಲಿನ ಸಂದಿಯಿಂದಲೇ ಕೇಳುತ್ತಿದ್ದರು, ಉತ್ತರವೂ ಬಾಯಲ್ಲೇ ಬರಬೇಕು. ಮೊದಲನೇ ದಿನ ನಾನು “ಅತ್ಯಂತ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ” ಎಂದು ಇಂಗ್ಲಿಷಿನಲ್ಲಿ ಶುರುಮಾಡಿ ಒಂದು ಪುಟ ತುಂಬ ಮುತ್ತಿನಂತೆ ಬರೆದುಕೊಂಡು ಹೋದೆ. ದೊರೆ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು, “ಹೌ ಡು ವಿ ಸ್ಟ್ಯಾಂಡ್, ರೈಟರ್?” ಎಂದರು.

ಒಂದೊಂದು ಪದವೂ ನನಗೆ ಗೊತ್ತು, ಆದರೆ ಮಾತು ಗೊತ್ತಿಲ್ಲ. ಬೇರೆ ಏನೂ ತೋಚದೆ ಇನ್ನಷ್ಟು ನೆಟ್ಟಗೆ ನಿಂತೆ. ಪಕ್ಕದಲ್ಲಿದ್ದ ಗುರುಲಿಂಗಪ್ಪನವರು ಕೊಡೆಯನ್ನು ಎಡಗೈಗೆ ಬದಲಾಯಿಸಿಕೊಂಡು, “ವಿ ಆರ್ ಹೋಲ್ಡಿಂಗ್ ಅವರ್ ಓನ್, ಸರ್” ಎಂದರು. ದೊರೆ ತಲೆದೂಗಿ ಮುಂದೆ ನಡೆದರು. ಕೆಲಸ ಹೇಗೆ ನಡೆದಿದೆ ಎಂಬುದು ಪ್ರಶ್ನೆ, ಹಿಂದೆ ಬಿದ್ದಿಲ್ಲ ಎಂಬುದು ಉತ್ತರ. ಇಷ್ಟು ನನಗೆ ತಿಳಿದದ್ದು ಸಂಜೆ, ಆಫೀಸಿನ ಬಾಗಿಲು ಹಾಕುವಾಗ.

ಗುರುಲಿಂಗಪ್ಪನವರು ನಮ್ಮ ದೊಡ್ಡ ರೈಟರ್. ಹಣೆ ತುಂಬ ವಿಭೂತಿ, ಮುಚ್ಚುಗೊರಳಿನ ಕರೀ ಕೋಟು, ರಕ್ತ ಹೀರುವ ಉಂಬಳ ಹತ್ತದಿರಲೆಂದು ಮೊಳಕಾಲಿನವರೆಗೆ ಸುತ್ತಿದ ಪಟ್ಟಿ. ಅವರು ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಹಳೆಯ ದೊರೆಸಾನಿಯವರು ಓದಿ ಬಿಸಾಕುತ್ತಿದ್ದ ಚಿತ್ರದ ಪತ್ರಿಕೆಗಳನ್ನು ಕೇಳಿ ಪಡೆದು, ದೊರೆಗಳು ಒಬ್ಬರಿಗೊಬ್ಬರು ಆಡುವ ಮಾತನ್ನು ಒಂದು ಹೆಜ್ಜೆ ಹಿಂದೆ ನಡೆಯುತ್ತಾ ಕೇಳಿಸಿಕೊಂಡು ಕಲಿತವರು. ಆ ದಿನ ಸಂಜೆ ಅವರು ನಶ್ಯ ಏರಿಸಿ ನನ್ನನ್ನು ನೋಡಿ ನಕ್ಕರು.

“ಏನು ರುದ್ರಪ್ಪ, ಕಂಬದ ಹಾಗೆ ನಿಂತ್ಬಿಟ್ಟೆ?”

“ಪದ ಎಲ್ಲಾ ಗೊತ್ತಿತ್ತು. ಒಟ್ಟಿಗೆ ಬಂದಾಗ ಏನೂ ಗೊತ್ತಾಗ್ಲಿಲ್ಲ” ಎಂದೆ.

“ಅದೇ ಮತ್ತೆ. ನಮ್ಮೋರು ‘ಅವನಿಗೆ ತಲೆ ಕೆಟ್ಟಿದೆ’ ಅಂತಾರೆ. ದೊರೆ ಅದನ್ನ ಪದಪದ ಬಿಡಿಸ್ಕೊಂಡ್ರೆ ತಲೆಗೆ ಪಟ್ಟಿ ಕಟ್ಟೋಕೆ ಡ್ರೆಸ್ಸರನ್ನ ಕರೆಸ್ತಾರೆ. ಅವರ ಮಾತೂ ಹಂಗೇ. ಪದಕ್ಕೆ ಪದ ಹುಡುಕಬೇಡ ಮಾರಾಯ. ಸಂದರ್ಭಕ್ಕೆ ಸಂದರ್ಭ ಹುಡುಕು.”

ಅವರ ಪಾಠ ಇಷ್ಟೇ ಇತ್ತು. ಒಂದು ನುಡಿಗಟ್ಟು ಸಿಕ್ಕಿತು ಎಂದರೆ ಮೊದಲು ಕೇಳುತ್ತಿದ್ದರು: ಇದೇ ಸಂದರ್ಭದಲ್ಲಿ ನಿನ್ನ ಅವ್ವ ಏನಂತಾರೆ? ವಸ್ತಾರೆಯ ಅಂಗಡಿಯಲ್ಲಿ ನಿಮ್ಮ ಅಪ್ಪ ಏನಂತಾರೆ? ಅದನ್ನು ಹೇಳಿದ ಮೇಲೆಯೇ ಇಂಗ್ಲಿಷಿನದನ್ನು ಬಾಯಲ್ಲಿ ಆಡಿಸಬೇಕು. ಆಮೇಲೆ ಅದಕ್ಕೆ ತೋಟದಲ್ಲೇ ಒಂದು ಜಾಗ ಗೊತ್ತುಮಾಡಬೇಕು. ಆ ಜಾಗಕ್ಕೆ ಹೋದಾಗಲೆಲ್ಲ ಅದನ್ನು ಆಡಬೇಕು, ಬೇರೆ ಕಡೆ ಆಡಕೂಡದು. ‘ಅಂಡರ್ ದ ವೆದರ್’ ಡಿಸ್ಪೆನ್ಸರಿ ಬಾಗಿಲಿನದು. ಮೈಯಲ್ಲಿ ಹುಷಾರಿಲ್ಲ ಎಂದು ಅಲ್ಲಿ ಸಾಲು ನಿಂತವರನ್ನು ನೋಡಿದರೆ ಸಾಕು, ಮಾತು ತಾನಾಗಿ ಬರುತ್ತಿತ್ತು. ‘ಆನ್ ಇಟ್ಸ್ ಲಾಸ್ಟ್ ಲೆಗ್ಸ್’ ಪಲ್ಪರ್ ಮನೆಯದು. ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಯಂತ್ರ ಪ್ರತಿ ವರ್ಷವೂ ಇವತ್ತೋ ನಾಳೆಯೋ ಎನ್ನುವ ಹಾಗೇ ಓಡುತ್ತಿತ್ತು.

ಇಂಥ ಪಾಠ ಆಫೀಸಿನ ಒಳಗೇ ನಿಲ್ಲುವುದಿಲ್ಲ. ಮನೆಗೂ ಬಂತು. ನನ್ನಾಕೆಗೆ ಇಂಗ್ಲಿಷಿನ ಅಕ್ಷರ ಬರದು. ಆದರೆ ನಾನು ದಿನಾ ಬಚ್ಚಲಲ್ಲಿ ಗಟ್ಟಿಯಾಗಿ ಆಡಿಕೊಳ್ಳುವುದನ್ನು ಕೇಳಿ ಕೇಳಿ ಅವಳೂ ಕಲಿತಳು. ನಾನು ನೀರೊಲೆಗೆ ಸೌದೆ ಒಡೆಯಲು ಹಿಂದೆಮುಂದೆ ನೋಡಿದರೆ, ರೊಟ್ಟಿ ತಟ್ಟುತ್ತಲೇ, “ಅಂಡರ್ ದ ವೆದರ್ರಾ?” ಎನ್ನುತ್ತಿದ್ದಳು. ಅವಳು ತಪ್ಪಾಗಿ ಉಪಯೋಗಿಸಿದ್ದು ನನಗೆ ನೆನಪಿಲ್ಲ. ನಾನು ಓದಿ ಕಲಿತದ್ದನ್ನು ಅವಳು ಸಂದರ್ಭ ನೋಡಿ ಕಲಿತಳು ಎಂದು ಗುರುಲಿಂಗಪ್ಪನವರು ಅವಳನ್ನೇ ಮೆಚ್ಚಿಕೊಳ್ಳುತ್ತಿದ್ದರು.

ಒಂದು ಆಷಾಢದಲ್ಲಿ, ಕಂಬಳಿ ಕೊಪ್ಪೆ ಹಾಕಿಕೊಂಡವರೂ ಒಳಗಿನವರೆಗೆ ತೊಯ್ದು ಹೋಗುವಂಥ ಮಳೆ. ನಾನು ಉತ್ಸಾಹದಿಂದ ದೊರೆಗೆ, “ಇಟ್ ಈಸ್ ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್, ಸರ್” ಎಂದೆ. ದೊರೆ ಆಕಾಶ ನೋಡಿ, ನನ್ನನ್ನು ನೋಡಿ, ಮುಂದೆ ನಡೆದರು. ಗುರುಲಿಂಗಪ್ಪನವರು ಆಫೀಸಿನಲ್ಲಿ ಕೋಟು ಹಿಂಡುತ್ತಾ ಹೇಳಿದರು: “ಆ ಮಾತು ಅವರೂರಿನ ಮಳೆಗೆ ಸರಿ. ಮೂಡಿಗೆರೆ ಮಳೆಗೆ ಬೆಕ್ಕು ನಾಯಿ ಎಲ್ಲಿ ಸಾಲ್ತವೆ? ಆನೆ ಬೀಳೋ ಹೊತ್ತಲ್ಲಿ ಬೆಕ್ಕಿನ ಸುದ್ದಿ ಹೇಳಿದ್ಯಲ್ಲ!”

ಆ ಮಳೆಗಾಲ ಕಳೆಯುವ ಹೊತ್ತಿಗೆ ನನ್ನ ಬಾಯಿ ಸಲೀಸಾಯಿತು. ಸಲೀಸಾದ ಮೇಲೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು, ಯಾಕೆಂದರೆ ನಿಮಗೂ ಆಗುತ್ತದೆ. ಪಕ್ಕದ ತೋಟದ ದೊರೆ ಬಂದಿದ್ದಾಗ, ಕಾಡುಹಂದಿ ನುಗ್ಗಿ ನರ್ಸರಿ ಹಾಳು ಮಾಡಿದ್ದನ್ನು ವರದಿ ಮಾಡುವ ಸರದಿ ನನ್ನದಾಯಿತು. ಕಲಿತದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹಾಕಿದೆ. ಹಂದಿ ಮದವೇರಿ ‘ಹೈ ಅಂಡ್ ಮೈಟಿ’ ಆಗಿ ಬಂತು, ಕಾವಲುಗಾರ ದಿಕ್ಕುಗಾಣದೆ ‘ಆಲ್ ಅಟ್ ಸೀ’ ಆಗಿದ್ದ, ಬೇಲಿ ‘ಆನ್ ಇಟ್ಸ್ ಲಾಸ್ಟ್ ಲೆಗ್ಸ್’, ಒಂದೇ ಪಾಡಿನವರಾದ ನಾವೆಲ್ಲ ‘ಇನ್ ದ ಸೇಮ್ ಬೋಟ್’. ಇಬ್ಬರು ದೊರೆಗಳೂ ನಗು ತಡೆಯಲಾರದೆ ಬೇರೆ ಬೇರೆ ದಿಕ್ಕಿಗೆ ತಿರುಗಿಕೊಂಡರು. ಎಷ್ಟು ಸಸಿ ಹೋಯಿತು ಎಂದು ನಾನು ಹೇಳಿಯೇ ಇರಲಿಲ್ಲ.

“ಉಪ್ಪಿನಕಾಯೀನೇ ಊಟ ಮಾಡಿದ್ಯಲ್ಲೋ ಮಾರಾಯ” ಎಂದರು ಗುರುಲಿಂಗಪ್ಪನವರು. “ಅನ್ನ ಬಡಿಸು ಮೊದಲು. ಇಷ್ಟು ಸಸಿ ಹೋಯ್ತು, ಇಷ್ಟು ಉಳೀತು, ಬೇಲಿ ಇಲ್ಲಿ ಮುರಿದಿದೆ. ಆಮೇಲೆ ನಾಲಿಗೆ ತುದಿಗೆ ಒಂಚೂರು. ಒಂದು ವರದಿಗೆ ಒಂದು. ಅದೂ ಬೇಕಾದ್ರೆ.”

ಅಂದಿನಿಂದ ಒಂದೇ. ನಿಮಗೂ ಅದನ್ನೇ ಹೇಳುತ್ತೇನೆ.

ಆದರೆ ಗುರುಲಿಂಗಪ್ಪನವರು ಈ ಮಾತುಗಳನ್ನು ಅಷ್ಟು ಶ್ರದ್ಧೆಯಿಂದ ಕೂಡಿಟ್ಟದ್ದು ದೊರೆಯನ್ನು ಮೆಚ್ಚಿಸಲಿಕ್ಕಲ್ಲ ಎಂಬುದು ನನಗೆ ತಿಳಿಯಲು ತಡವಾಯಿತು. ನಮ್ಮ ಕಡೆಯ ತೋಟಗಳಲ್ಲಿ ಒಂದು ಪದ್ಧತಿ ಇದೆ. ದೊರೆ ಏನು ಕೇಳಿದರೂ ಆಳುಗಳು, ಮೇಸ್ತ್ರಿಗಳು ಹೇಳುವುದು “ಆಗ್ತದೆ ಬುದ್ಧಿ”. ದೊಡ್ಡವರ ಮುಖಕ್ಕೆ ಇಲ್ಲ ಎನ್ನುವುದು ಅಮರ್ಯಾದೆ ಎಂಬ ಭಾವನೆ ಅದು, ಸುಳ್ಳು ಹೇಳುವ ಉದ್ದೇಶ ಯಾರಿಗೂ ಇಲ್ಲ. ತಮ್ಮತಮ್ಮಲ್ಲಾದರೆ ಯಾರಿಗೂ ತೊಂದರೆಯಿಲ್ಲ. ಆಗ್ತದೆ ಎಂದವನ ಮುಖ ನೋಡಿಯೇ ಆಗುವುದಿಲ್ಲ ಎಂದು ತಿಳಿದುಕೊಳ್ಳುತ್ತಾರೆ. ದೊರೆ ಮುಖ ನೋಡುವುದಿಲ್ಲ, ಮಾತು ಕೇಳುತ್ತಾರೆ. ಆಗ್ತದೆ ಎಂದರೆ ಆಯಿತು ಎಂದೇ ಲೆಕ್ಕ.

ಒಮ್ಮೆ ದೊರೆ ಕೆಳಗಿನ ಇಳಿಜಾರಿನ ನೆರಳು ಮರಗಳನ್ನೆಲ್ಲ ಕಡಿಸಬೇಕೆಂದರು. ಮೇಸ್ತ್ರಿಗಳೆಲ್ಲ ಆಗ್ತದೆ ಎಂದರು. ನೆರಳಿಲ್ಲದ ಬಿಸಿಲಿಗೆ ಕಾಫಿ ಗಿಡ ಸುಟ್ಟುಹೋಗುತ್ತದೆಂದು ಅವರೆಲ್ಲರಿಗೂ ಗೊತ್ತು. ಗುರುಲಿಂಗಪ್ಪನವರು ಕೊಡೆಯ ತುದಿಯಿಂದ ನೆಲ ಕೆದಕುತ್ತಾ, “ಐ ಶುಡ್ ಸ್ಲೀಪ್ ಆನ್ ಇಟ್, ಸರ್” ಎಂದರು. ಒಂದು ರಾತ್ರಿ ಕಳೆಯಲಿ, ಆಮೇಲೆ ತೀರ್ಮಾನಿಸೋಣ ಎಂದು ಅರ್ಥ. ದೊರೆಗೆ ಕೋಪ ಬರಲಿಲ್ಲ. ಅವರ ಮನೆಯಲ್ಲಿ ಅವರ ತಾಯಿಯೋ ಹೆಂಡತಿಯೋ ಆಡುವ ಮಾತಲ್ಲವೆ ಅದು? ಮರುದಿನ ಅವರು ಗರಗಸದ ಸುದ್ದಿಯನ್ನೇ ಎತ್ತಲಿಲ್ಲ.

“ಇಲ್ಲ ಅನ್ನೋದು ನಮ್ಮ ಬಾಯಲ್ಲಿ ಅವರ ಮುಂದೆ ಬರಲ್ಲ. ಬಂದ್ರೂ ಒರಟಾಗಿ ಬರ್ತದೆ” ಎಂದು ಗುರುಲಿಂಗಪ್ಪನವರು ಆಮೇಲೆ ಹೇಳಿದರು. “ಅವರ ಮನೇ ಮಾತಲ್ಲಿ ಹೇಳಿದ್ರೆ ಅವರಿಗೂ ನೋವಿಲ್ಲ, ನಮಗೂ ಭಯ ಇಲ್ಲ. ಅದಕ್ಕೇ ಕಲೀಬೇಕು. ನಾಲ್ಕು ಜನರ ಮುಂದೆ ಹೊಳೆಯೋಕಲ್ಲ.”

ಈ ಮಾತನ್ನು ನಾನು ಎಷ್ಟು ಗೌರವದಿಂದ ನೆನೆಯುತ್ತೇನೆಂದು ಹೇಳಲಾರೆ. ಇಂಗ್ಲಿಷ್ ಕಲಿತು ನಮ್ಮವರ ಮೇಲೆ ಜೋರು ಮಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ನಮ್ಮವರಿಗಾಗಿ ಇಲ್ಲ ಎನ್ನಲು ಕಲಿತವರು ಅವರೊಬ್ಬರೇ.

ಇನ್ನು ನಿಂಗಯ್ಯನ ವಿಷಯ. ಅವನು ಕಣದ ಮೇಸ್ತ್ರಿ. ಸಿಪ್ಪೆ ಬಿಡಿಸಿ ತೊಳೆದ ಕಾಫಿ ಬೀಜದ ಮೇಲೆ ತೆಳ್ಳನೆಯ ಒಂದು ಪೊರೆ ಉಳಿದಿರುತ್ತದೆ. ಅದಕ್ಕೆ ಪಾರ್ಚ್‌ಮೆಂಟ್ ಎಂದು ಹೆಸರು. ಅದನ್ನು ಕಣದಲ್ಲಿ ಹರವಿ, ಹಗಲೆಲ್ಲ ಕೈಯಾಡಿಸಿ, ಸಂಜೆ ಮಂಜು ಇಳಿಯುವ ಮುಂಚೆ ಗುಡ್ಡೆ ಮಾಡಿ ಮುಚ್ಚಿ, ಚೆನ್ನಾಗಿ ಒಣಗಿದ ಮೇಲೆ ಚೀಲ ಕಟ್ಟುವುದು ಅವನ ಜವಾಬ್ದಾರಿ. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ. ಹಸಿಯಿದ್ದರೆ ಹಲ್ಲು ಇಳಿಯುತ್ತದೆ, ಒಣಗಿದ್ದರೆ ಕಟಕ್ಕೆನ್ನುತ್ತದೆ. ಹಸಿ ಮಾಲನ್ನು ಚೀಲಕ್ಕೆ ತುಂಬಿದರೆ ಘಾಟಿ ಇಳಿದು ಮಂಗಳೂರು ಸೇರುವುದರೊಳಗೆ ಒಳಗೇ ಕಾವು ಹತ್ತಿ ಬೂಷ್ಟು ಬರುತ್ತದೆ. ಅಂಥ ಕಾಫಿಯನ್ನು ಕೊಳ್ಳುವವರಿಲ್ಲ. ಹಿಂದಿನ ವರ್ಷ ಅತ್ತ ಕಳಸದ ಕಡೆಯ ಒಂದು ತೋಟದಲ್ಲಿ ಹೀಗಾಗಿ, ಕಣದ ಮೇಸ್ತ್ರಿಯನ್ನು ಹೆಂಡತಿ ಮಕ್ಕಳ ಸಮೇತ, ಆಳುಗಳಿಗೆಂದು ತೋಟದವರು ಸಾಲಾಗಿ ಕಟ್ಟಿಸಿದ ಲೈನ್ ಮನೆಯಿಂದ ಎಬ್ಬಿಸಿದ್ದರು. ಆ ಸುದ್ದಿ ನಮ್ಮ ಲೈನುಗಳಲ್ಲಿ ಎಲ್ಲರ ಬಾಯಲ್ಲೂ ಇತ್ತು.

ಆ ವರ್ಷ ಕೊಯ್ಲಿನ ಕೊನೆಯಲ್ಲಿ ಮೋಡ ಬಿಟ್ಟುಬಿಟ್ಟು ಕವಿಯುತ್ತಿತ್ತು. ಮಾಲು ಒಣಗಲು ತಡವಾಯಿತು. ಗುರುಲಿಂಗಪ್ಪನವರು ಚಳಿಜ್ವರ ಬಂದು ಮಲಗಿದ್ದರು. ಅಷ್ಟರಲ್ಲಿ ಮಂಗಳೂರಿನ ಏಜೆಂಟರಿಂದ ದೊರೆಗೆ ತಂತಿ ಬಂತು, ಹಡಗು ಕಾಯುವುದಿಲ್ಲ, ಮಾಲು ಕೂಡಲೇ ಕಳಿಸಿ ಎಂದು. ದೊರೆ ನೇರವಾಗಿ ಕಣಕ್ಕೆ ಹೋದರು. ಗಾಡಿಯವರಿಗೆ ಹೇಳಿ ಕಳಿಸಿಯೂ ಆಯಿತು. ನನಗೆ ಇದು ತಿಳಿದದ್ದು ನಿಂಗಯ್ಯ ಆಫೀಸಿನ ಬಾಗಿಲಿಗೆ ಬಂದು ನಿಂತಾಗ. ಹಿಂದೆಯೇ ಅವನ ಹೆಂಡತಿ ದ್ಯಾವಮ್ಮ, ಕೈಯಲ್ಲಿ ಕಣದ ಬೀಜ ಹರವುವ ಹಲುಬೆಯನ್ನು ಹಾಗೇ ಹಿಡಿದುಕೊಂಡಿದ್ದಳು.

“ಕೆಟ್ಟೆ ರೈಟ್ರೇ” ಎಂದ ನಿಂಗಯ್ಯ.

“ಏನಾಯ್ತು?”

“ದೊರೆ ಬಂದು, ಅವರ ಮುರುಕು ಕನ್ನಡದಲ್ಲಿ ಮಾಲು ಇವತ್ತು ಕಟ್ಬಹುದಾ ಅಂತ ಕೇಳಿದ್ರು. ಆಗ್ತದೆ ಬುದ್ಧಿ ಅಂದ್ಬಿಟ್ಟೆ.”

“ಆಗ್ತದಾ ಮತ್ತೆ?”

“ಎಲ್ಲಿ ಆಗ್ತದೆ! ಹಲ್ಲಿಗಿಟ್ರೆ ಬೆಂದ ಕಡ್ಲೆ ಇದ್ದಂಗಿದೆ.”

ದ್ಯಾವಮ್ಮ ಹಲುಬೆಯನ್ನು ನೆಲಕ್ಕೆ ಕುಕ್ಕಿದಳು. “ನೋಡಿ ರೈಟ್ರೇ ಇವರ ಚೆಂದ. ನಾನು ಏನು ಕೇಳಿದ್ರೂ ಇಲ್ಲ. ಸಂತೆಗೆ ಹೋಗಾಣ್ವಾ, ಇಲ್ಲ. ತವರಿಗೆ ಕಳಿಸ್ತೀರಾ, ಇಲ್ಲ. ದೊರೆ ಮುಂದೆ ಮಾತ್ರ ಆಗ್ತದೆ, ಆಗ್ತದೆ!”

“ಸುಮ್ನಿರೇ. ದೊರೆ ಮುಖಕ್ಕೆ ಇಲ್ಲ ಅನ್ನಕ್ಕೆ ನಂಗೇನು ಕೊಂಬು ಬಂದಿದ್ಯಾ?”

“ಕೊಂಬು ಬೇಡ, ನಾಲಿಗೆ ಬೇಕು. ನಾಳೆ ಪಾತ್ರೆ ಪಗಡೆ ಹೊತ್ಕೊಂಡು ಹೋಗೋವಾಗ ಅದನ್ನೂ ಆಗ್ತದೆ ಅನ್ನಿ.”

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಮಾಲು ಬೂಷ್ಟು ಹಿಡಿದು ಹೋದರೆ, ಸರಿಯಾಗಿದೆ ಎಂದು ಹೇಳಿದವನು ನಿಂಗಯ್ಯ. ಅವನಿಗೆ ಉಳಿಗಾಲವಿಲ್ಲ. ನಾನು ಗುರುಲಿಂಗಪ್ಪನವರ ಮನೆಗೆ ಓಡಿದೆ. ಮೂರು ಕಂಬಳಿ ಹೊದ್ದು, ಹಲ್ಲು ಕಟಕಟ ಎನ್ನುತ್ತಿದ್ದ ಅವರು ಎಲ್ಲ ಕೇಳಿಸಿಕೊಂಡರು.

“ನಂಗೆ ಎದ್ದು ನಿಲ್ಲೋಕಾಗಲ್ಲ. ನೀನೇ ಹೋಗು.”

“ನಾನು ಏನಂತ ಹೇಳ್ಲಿ? ಯಾವ ಮಾತು ಉಪಯೋಗಿಸ್ಲಿ?”

“ಅದು ಇಲ್ಲಿ ಮಲಗಿದವನಿಗೆ ಹೇಗೆ ಗೊತ್ತಾಗ್ಬೇಕು? ಅಲ್ಲಿ ನಿಂತಾಗ ನಿಂಗೇ ಗೊತ್ತಾಗ್ತದೆ.” ಸ್ವಲ್ಪ ಹೊತ್ತು ನಡುಕ ಇಳಿಯಲೆಂದು ಕಾದು, ಮತ್ತೆ ಹೇಳಿದರು: “ನಿಂಗಯ್ಯನ್ನ ಸುಳ್ಳ ಮಾಡ್ಬೇಡ. ದೊರೇನ ದಡ್ಡ ಮಾಡ್ಬೇಡ. ಇವೆರಡು ಬಿಟ್ಟು ಏನು ಬೇಕಾದ್ರೂ ಹೇಳು.”

ಬಂಗಲೆಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ವರಾಂಡದ ಅಂಚಿನಲ್ಲಿ ನಿಂತೆ. ದೊರೆ ತಂತಿಯ ಕಾಗದವನ್ನು ಮತ್ತೆ ಓದುತ್ತಿದ್ದರು. ಕೆಳಗೆ ಗಾಡಿಯವರ ಎತ್ತಿನ ಗಂಟೆ ಕೇಳಿಸುತ್ತಿತ್ತು.

“ಪಾರ್ಚ್‌ಮೆಂಟ್ ಇನ್ನೂ ಟಚ್ ಅಂಡ್ ಗೋ ಇದೆ, ಸರ್” ಎಂದೆ. ಕೂದಲೆಳೆಯಷ್ಟರಲ್ಲಿದೆ, ಹೀಗೂ ಆದೀತು ಹಾಗೂ ಆದೀತು ಎಂಬ ಅರ್ಥದ ಮಾತು.

ದೊರೆ ತಲೆ ಎತ್ತಿದರು. “ಮೇಸ್ತ್ರಿ ಸರಿಯಾಗಿದೆ ಎಂದು ಹೇಳಿದ. ನನ್ನ ಕಿವಿಯಾರೆ ಕೇಳಿದ್ದೇನೆ. ಹಾಗಾದರೆ ಅವನು ಸುಳ್ಳು ಹೇಳಿದನೆ?”

ಹೌದು ಎಂದರೆ ನಿಂಗಯ್ಯ ಇವತ್ತೇ ಹೋಗುತ್ತಾನೆ. ಅಲ್ಲ ಎಂದರೆ ಮಾಲು ಹೋಗುತ್ತದೆ, ಅದರ ಹಿಂದೆಯೇ ಅವನೂ ಹೋಗುತ್ತಾನೆ. ವರ್ಷಗಟ್ಟಲೆ ಡಿಸ್ಪೆನ್ಸರಿಗೊಂದು, ಪಲ್ಪರ್ ಮನೆಗೊಂದು ಎಂದು ಕಟ್ಟಿಟ್ಟ ಮಾತುಗಳಲ್ಲಿ ಒಂದೂ ಆ ವರಾಂಡಕ್ಕೆ ಹೊಂದುವಂತಿರಲಿಲ್ಲ.

“ಇಲ್ಲ ಸರ್. ಅವನು ಮರ್ಯಾದೆ ಮಾಡಿದ” ಎಂದೆ.

“ವಾಟ್?”

ಇದನ್ನು ಬಿಡಿಸಿ ಹೇಳುವುದು ಹೇಗೆ? ಆಗ ಬಾಯಿಗೆ ಬಂದದ್ದು ಗುರುಲಿಂಗಪ್ಪನವರು ಕಲಿಸಿದ ಮಾತಲ್ಲ. ಹಿಂದೊಮ್ಮೆ ಈ ದೊರೆಯೇ ಪಕ್ಕದ ತೋಟದ ದೊರೆಗೆ, ತಮ್ಮ ಸರೀಕರಿಗೆ, ಆಡಿದ್ದ ಮಾತು. “ಇಫ್ ಐ ವರ್ ಇನ್ ಯುವರ್ ಶೂಸ್, ಸರ್” ಎಂದುಬಿಟ್ಟೆ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಎಂದು. ಆಡಿದ ಮೇಲೆಯೇ ಅದರ ಅಧಿಕ ಪ್ರಸಂಗ ಹೊಳೆದದ್ದು. ಚಿಕ್ಕ ರೈಟರ್ ದೊರೆಯ ಜಾಗದಲ್ಲಿ ನಿಂತು ನೋಡುವುದೆಂದರೇನು! ಒಳಗೆ ಟೇಬಲ್ ಒರೆಸುತ್ತಿದ್ದ ಬಟ್ಲರ್ ಬಟ್ಟೆ ಹಿಡಿದಂತೆಯೇ ನಿಂತ.

ದೊರೆ ಪೈಪು ಬಾಯಿಂದ ತೆಗೆದರು. ಅವರು ಪೈಪು ತೆಗೆದು ಮಾತಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ಸರಿ. ಇದ್ದಿದ್ದರೆ ಏನು ಮಾಡುತ್ತಿದ್ದೆ?”

“ಮೇಸ್ತ್ರಿಯನ್ನು ಇನ್ನೊಮ್ಮೆ ಕೇಳುತ್ತಿದ್ದೆ ಸರ್. ಆದರೆ ಪ್ರಶ್ನೆಯನ್ನು ರೈಟರ್ ಕೇಳಲಿ ಎನ್ನುತ್ತಿದ್ದೆ.”

ಅವರು ಟೋಪಿ ತೆಗೆದುಕೊಂಡು ಮೆಟ್ಟಿಲಿಳಿದರು. ನಾನು ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಹಿಂದೆ ನಡೆದೆ.

ಕಣದಲ್ಲಿ ಚೀಲ ಹೊಲಿಯಲು ಶುರುವಾಗಿತ್ತು. ದೊರೆಯನ್ನು ಕಂಡು ಹೆಂಗಸರೆಲ್ಲ ಬದಿಗೆ ಸರಿದರು. ನಿಂಗಯ್ಯ ತಲೆಯ ಬಟ್ಟೆ ತೆಗೆದು ಕಂಕುಳಲ್ಲಿಟ್ಟುಕೊಂಡು ನೆಲ ನೋಡುತ್ತಾ ನಿಂತ. ನಾನು ಒಣಗಿದೆಯಾ ಎಂದು ಕೇಳಿದ್ದರೆ ಏನು ಉತ್ತರ ಬರುತ್ತಿತ್ತೆಂದು ನಿಮಗೇ ಗೊತ್ತು. ದೊರೆಯ ಎದುರಿಗೆ, ಬೆಳಿಗ್ಗೆ ಆಡಿದ ಮಾತಿಗೆ ವಿರುದ್ಧವಾಗಿ, ಅವನ ನಾಲಿಗೆ ಹೊರಳುತ್ತಲೇ ಇರಲಿಲ್ಲ. ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಒಂದೇ. ಈಗಷ್ಟೇ ದೊರೆಗೆ ಹೇಳಿದ ಮಾತಿಗೆ ನಮ್ಮಲ್ಲಿ ಏನಂತಾರೆ? ನನ್ನ ಅಪ್ಪ ಅಂಗಡಿಗೆ ಬಂದವರಿಗೆ, ಯಾವ ಅಕ್ಕಿ ಒಳ್ಳೇದು ಎಂದು ಕೇಳಿದರೆ, ನಮ್ಮನೆಗಾದ್ರೆ ಇದನ್ನ ಒಯ್ತೀನಿ ಎನ್ನುತ್ತಿದ್ದರು.

ಒಂದು ಹಿಡಿ ಬೀಜ ತೆಗೆದು ನಿಂಗಯ್ಯನ ಅಂಗೈಗೆ ಹಾಕಿದೆ. “ನಿಂಗಯ್ಯ, ಈ ಕಣ ನಿಂದು ಅಂತಿಟ್ಕೋ. ಮಾಲೂ ನಿಂದೇ. ನಿಂದಾಗಿದ್ರೆ ಇವತ್ತು ಕಟ್ತಿದ್ಯಾ?”

“ನಂದಾಗಿದ್ರೆ?” ಅವನು ತಲೆ ಎತ್ತಿದ. ಒಂದು ಬೀಜ ಬಾಯಿಗೆ ಹಾಕಿಕೊಂಡು ಕಚ್ಚಿ, ಪಕ್ಕಕ್ಕೆ ಉಗುಳಿದ. “ನಂಗೇನು ಹುಚ್ಚಾ ರೈಟ್ರೇ? ಇನ್ನೆರಡು ಒಳ್ಳೆ ಬಿಸಿಲು ಬೇಕು. ಇವತ್ತು ಕಟ್ಟಿದ್ರೆ ಕೊಟ್ಟಿಗೆಹಾರ ದಾಟೋದ್ರೊಳಗೆ ಬಿಸಿ ಹತ್ತುತ್ತೆ.”

ನಾನು ಪದ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಯಾವ ನುಡಿಗಟ್ಟೂ ಸೇರಿಸಲಿಲ್ಲ.

ದೊರೆ ನಿಂಗಯ್ಯನ ಅಂಗೈಯಿಂದಲೇ ಒಂದು ಬೀಜ ಎತ್ತಿ ತಾವೂ ಕಚ್ಚಿದರು. ಹಲ್ಲು ಇಳಿಯಿತು. ಬೀಜವನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ದ್ಯಾವಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಬೆಳಿಗ್ಗೆ ಯಾಕೆ ಹಾಗೆ ಹೇಳಿದೆ ಎಂದು ಕೇಳಿಯಾರು ಎಂದುಕೊಂಡಿದ್ದೆ. ಅವರು ಕೇಳಲಿಲ್ಲ. ಹೊಲಿದ ಚೀಲಗಳ ಕಡೆ ಕೈ ತೋರಿಸಿ, “ಬಿಚ್ಚಿ ಹರವಲಿ” ಎಂದರು. ಗಾಡಿಯವರಿಗೆ ಕಾದ ದಿನದ ಕೂಲಿ ಕೊಡಲು ಹೇಳಿದರು. ಏಜೆಂಟರಿಗೆ ಏನು ಉತ್ತರ ಬರೆಯಬೇಕೆಂದು ಅಲ್ಲೇ ಬಾಯಲ್ಲಿ ಹೇಳಿ ಬಂಗಲೆಯ ಕಡೆ ನಡೆದರು. ಮೇಸ್ತ್ರಿಯ ಹೆಸರು ಅದರಲ್ಲಿ ಎಲ್ಲೂ ಬರಲಿಲ್ಲ. ಮನುಷ್ಯ ಮುಂಗೋಪಿ, ಆದರೆ ತೂಕ ತಪ್ಪುವವರಲ್ಲ. ಈ ಮಾತನ್ನು ಅವರ ಪರವಾಗಿ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಅವರು ಕಣ್ಮರೆಯಾದದ್ದೇ ತಡ, ನಿಂಗಯ್ಯ ಬಟ್ಟೆಯನ್ನು ಮತ್ತೆ ತಲೆಗೆ ಸುತ್ತಿಕೊಂಡ. “ಏನ್ ರೈಟ್ರೇ, ದೊರೆ ಎದುರಿಗೆ ನನ್ನ ಬಾಯಿ ಬಿಡಿಸಿಬಿಟ್ರಲ್ಲ!” ಎಂದು ನನ್ನನ್ನೇ ಗದರಿಸಿದ.

ದ್ಯಾವಮ್ಮ ಅಷ್ಟರಲ್ಲಿ ಒಂದು ಚೀಲದ ಬಾಯಿ ಬಿಚ್ಚಿ ಸುರಿದಾಗಿತ್ತು. “ಮಾತು ಸಾಕು. ತೆಳ್ಳಗೆ ಹರವ್ರೇ, ಮೋಡ ಬರೋ ಮುಂಚೆ” ಎಂದು ಹೆಂಗಸರನ್ನು ಕೂಗಿದಳು.

ಮಾಲು ಎರಡು ಬಿಸಿಲು ಕಂಡು ಘಾಟಿ ಇಳಿಯಿತು. ಆ ಹಡಗು ತಪ್ಪಿತು, ಮುಂದಿನದಕ್ಕೆ ಹೋಯಿತು. ಕಾಫಿ ಚೆನ್ನಾಗಿದೆ ಎಂದು ಏಜೆಂಟರು ಬರೆದರು. ಜ್ವರ ಬಿಟ್ಟು ಎದ್ದ ಗುರುಲಿಂಗಪ್ಪನವರಿಗೆ ನಡೆದದ್ದನ್ನೆಲ್ಲ ಹೇಳಿದೆ, ಬಂಗಲೆಯಲ್ಲಿ ನಾನಾಡಿದ ಅಧಿಕ ಪ್ರಸಂಗದ ಮಾತನ್ನೂ ಸೇರಿಸಿ. ಅವರು ನಶ್ಯದ ಡಬ್ಬಿಯ ಮುಚ್ಚಳ ತೆಗೆದವರು ಏರಿಸುವುದನ್ನು ಮರೆತು ಕೂತರು. ಕೊನೆಗೆ, “ಕನ್ನಡದಲ್ಲಿ ಕೇಳಿದ್ಯಲ್ಲ ನಿಂಗಯ್ಯನ್ನ, ಆ ಪ್ರಶ್ನೇನ ನಾನೂ ಇಷ್ಟು ವರ್ಷ ಯೋಚಿಸಿರ್ಲಿಲ್ಲ ಕಣೋ” ಎಂದರು. ನನ್ನ ಇಡೀ ಕೆಲಸದ ಕಾಲದಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ನನಗೆ ಸಿಗಲಿಲ್ಲ, ನಾನು ಬಯಸಲೂ ಇಲ್ಲ.

ದೊರೆ ಸುಮ್ಮನಿರಲಿಲ್ಲ. ಒಂದು ದಿನ ಆಫೀಸಿಗೆ ಬಂದು, ಕಣದಲ್ಲಿ ನೀನು ಮೇಸ್ತ್ರಿಗೆ ಕೇಳಿದ್ದನ್ನು ನಿಧಾನವಾಗಿ ಹೇಳು ಎಂದರು. ನಾನು ಹೇಳಿದೆ, ಅವರು ಹೇಳಿದರು, ನಾನು ತಿದ್ದಿದೆ, ಅವರು ಮತ್ತೆ ಹೇಳಿದರು. ಪೈಪು ಬಾಯಲ್ಲಿದ್ದರೆ ಆ ಮಾತು ಬರುವುದಿಲ್ಲ ಎಂದು ಗೊತ್ತಾಗಿ ಅದನ್ನು ಮೇಜಿನ ಮೇಲಿಟ್ಟರು.

ಮುಂದಿನ ವಾರ ಕೆರೆಯ ಕೆಳಗಿನ ತಗ್ಗಿನಲ್ಲಿ ಹೊಸ ಗಿಡ ಹಾಕಲು ಗೂಟ ಹೊಡೆಸಿದ್ದರು. ಗುರುಲಿಂಗಪ್ಪನವರು, ನಾನು, ನಿಂಗಯ್ಯ ಜೊತೆಗಿದ್ದೆವು. ದೊರೆ ಗೂಟದ ಸಾಲನ್ನು ತೋರಿಸಿ, ನಿಂಗಯ್ಯನ ಕಡೆ ತಿರುಗಿ, ಒಂದೊಂದೇ ಅಕ್ಷರ ಜೋಡಿಸುತ್ತಾ, “ಮೇಸ್ತ್ರಿ, ನಿಂದು ಆಗಿದ್ರೆ ಏನು ಮಾಡ್ತಿದ್ದೆ?” ಎಂದರು.

ನಿಂಗಯ್ಯ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಅವನು ತಗ್ಗಿಗಿಳಿದು ಕಾಲಿನ ಹೆಬ್ಬೆರಳಿಂದ ಮಣ್ಣು ಒತ್ತಿದ. ಜಿನುಗಿದ ನೀರು ಬೆರಳ ಸುತ್ತ ನಿಂತಿತು.

“ನಂದಾಗಿದ್ರೆ ಇಲ್ಲಿ ಭತ್ತ ಹಾಕ್ತಿದ್ದೆ ಬುದ್ಧಿ” ಎಂದ. “ಕಾಫಿ ಹಾಕೋನು ಈ ನೀರು ನಿಲ್ಲೋ ತಗ್ಗಿನವರೆಗೆ ಬರ್ತಾನೇ ಇರ್ಲಿಲ್ಲ.”

ಗುರುಲಿಂಗಪ್ಪನವರು ಅದನ್ನು ಇಂಗ್ಲಿಷಿಗೆ ತರಲು ಬಾಯಿ ತೆರೆದರು. ದೊರೆ ಕೈಯೆತ್ತಿ ತಡೆದರು. ಅವರಿಗೆ ಅರ್ಥವಾಗಿತ್ತು. ಅಲ್ಲೇ ಬಗ್ಗಿ ಮೊದಲನೇ ಗೂಟವನ್ನು ತಾವೇ ಕಿತ್ತು ನಿಂಗಯ್ಯನ ಕೈಗೆ ಕೊಟ್ಟು, ಎಲ್ಲಿ ಹೊಡೆಯಬೇಕೋ ನೀನೇ ತೋರಿಸು ಎನ್ನುವಂತೆ ಮೇಲಿನ ಇಳಿಜಾರಿನ ಕಡೆ ಕೈ ಮಾಡಿದರು. ಗೂಟ ಹಿಡಿದುಕೊಂಡು ನಿಂಗಯ್ಯ ಮುಂದೆ ಮುಂದೆ ಹತ್ತಿದ, ನಾವು ಮೂವರೂ ಅವನ ಹಿಂದೆ ಹತ್ತಿದೆವು.